ಮಂಗಳೂರು ಎರಡು ದಿನ: ಬೀಚ್ ಪಟ್ಟಿ ಬಿಟ್ಟು ಹಳೆ ಬಂದರು ನೋಡೋದು ಹೆಂಗೆ?

ಹಳೇಪೇಟೆ ದಾವಣಗೆರೆ

ಡಿಗ್ರಿ ಕಾಲೇಜಿನ ಇತಿಹಾಸದ ವಿದ್ಯಾರ್ಥಿಗಳು 26 ಮಂದಿ, ಮೇಷ್ಟ್ರು-ಮೇಡಂ ಸೇರಿ ಮೂವರು. ಡಿಸೆಂಬರ್‌ನಲ್ಲಿ ಎರಡು ಹಗಲು, ಒಂದು ರಾತ್ರಿ. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟೀಲಿ ಪಣಂಬೂರು ಬೀಚ್, ಪಿಲಿಕುಳ, ಒಂದು ಮಾಲ್ ಅದಾವೆ. ನಮಗೆ ಬೇಕಾಗಿರೋದು ಬೇರೆ: ಗುಡಿ, ಮಸೀದಿ, ಚರ್ಚು, ಬಸದಿ, ಜೋಗಿ ಮಠ ಎಲ್ಲಾ ಒಂದೇ ಊರಿನ ಸುತ್ತ ಹೆಂಗ್ ಸೇರಿದವು, ಅದರಾಗೆ ಬಂದರಿನ ಪಾಲೆಷ್ಟು. ಬಸ್ಸು ದೊಡ್ಡದು, 40 ಸೀಟಿಂದು. ಯಾವುದು ಮೊದಲು, ಎಷ್ಟು ಹೊತ್ತು, ಎಲ್ಲಿ ಕೆಲಸ ಕೆಡುತ್ತೆ, ತಿಳಿದವರು ಹೇಳ್ರಿ.

ರಥಬೀದಿ

ಬಸ್ಸನ್ನು ಮರೆತುಬಿಡಿ ಸರ್, ಕನಿಷ್ಠ ಒಂದು ಬೆಳಗ್ಗೆಯ ಮಟ್ಟಿಗೆ. ನೀವು ಕೇಳುವ ಮಂಗಳೂರು ದಕ್ಕೆಯಿಂದ (ದೋಣಿ ನಿಲ್ಲುವ ಕಟ್ಟೆ) ಲೈಟ್‌ಹೌಸ್ ಹಿಲ್‌ವರೆಗಿನ ನಾಲ್ಕೈದು ಕಿಲೋಮೀಟರಿನಲ್ಲಿ ಉಂಟು. ಬಂದರ್ ಒಳಗಿನ ಬೀದಿಗಳಲ್ಲಿ ಸರಕಿನ ಲಾರಿ ಎದುರಾದರೆ 40 ಸೀಟಿನ ಬಸ್ಸು ಹಿಂದೆ ಸರಿಯುವುದಕ್ಕೂ ಜಾಗ ಇಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರ ಇಳಿದು ಬಸ್ಸನ್ನು ಕಳಿಸಿಬಿಡಿ.

ನಡೆಯುವುದಾದರೆ ನೀರಿನ ಕಡೆಯಿಂದ ಗುಡ್ಡದ ಕಡೆಗೆ ನಡೆಯಿರಿ. ಊರು ಬೆಳೆದದ್ದೂ ಹಾಗೆಯೇ. ನೇತ್ರಾವತಿ ಮತ್ತು ಗುರುಪುರ ನದಿ ಸೇರುವ ಅಳಿವೆಯ ಅಂಚಿನಲ್ಲಿ ದಕ್ಕೆ, ಬೆನ್ನಿಗೆ ಗೋದಾಮುಗಳು ಮತ್ತು ಮುಸ್ಲಿಂ ವ್ಯಾಪಾರಿಗಳ ಬಂದರ್, ಅದರಾಚೆ ಕೊಂಕಣಿ ವ್ಯಾಪಾರಿಗಳ ರಥಬೀದಿ, ಕೊನೆಗೆ ಗುಡ್ಡದ ಮೇಲೆ 19ನೇ ಶತಮಾನದ ಮಿಷನ್ ಕಾಲೇಜು. ಮೇಲಿಂದ ಶುರು ಮಾಡಿದರೆ ಚಂದದ ಕಟ್ಟಡಗಳು ಮೊದಲೇ ಮುಗಿದು, ಮಕ್ಕಳು ದಕ್ಕೆಗೆ ಬರುವಾಗ ಬಿಸಿಲು, ಹರಾಜು ಮುಗಿದ ನೆಲ, ವಾಸನೆ ಮಾತ್ರ.

ಬೆಳಗ್ಗೆ 6.30ಕ್ಕೆ ದಕ್ಕೆಯಲ್ಲಿರಿ. ಮೀನಿನ ಹರಾಜು ನಡೆಯುವ ಗುಂಪಿನೊಳಗೆ ನುಗ್ಗಬೇಡಿ. ತಲೆ ಮೇಲೆ ಬುಟ್ಟಿ ಹೊತ್ತವರು ನಿಲ್ಲುವುದಿಲ್ಲ, ನೀವೇ ಸರಿಯಬೇಕು. ನೆಲದಲ್ಲಿ ಐಸ್ ನೀರು, ಮೀನಿನ ಲೋಳೆ. ಹಿಡಿತ ಇರುವ ರಬ್ಬರ್ ಚಪ್ಪಲಿ ಬೇಕು, ಚರ್ಮದ ಶೂ ಹಾಳಾಗುತ್ತದೆ. ಲಕ್ಷದ್ವೀಪಕ್ಕೆ ಸರಕು ಹೋಗುವುದು ಇಂದಿಗೂ ಈ ಹಳೆ ಬಂದರಿನಿಂದಲೇ. ದೊಡ್ಡ ಹಡಗುಗಳೆಲ್ಲ 1974ರಿಂದ ಪಣಂಬೂರಿನ ಹೊಸ ಬಂದರಿಗೆ ಹೋದವು. ಹಳೆ ಬಂದರಿನ ಓಣಿಗಳು ಇಷ್ಟಾದರೂ ಉಳಿದದ್ದಕ್ಕೆ ಅದೂ ಒಂದು ಕಾರಣ ಎಂದು ನನ್ನ ಲೆಕ್ಕ.

ಅಲ್ಲಿಂದ ರೊಸಾರಿಯೊ ಚರ್ಚ್. ಪೋರ್ಚುಗೀಸರ ಕಾಲದ್ದು, 1568ರಲ್ಲಿ ಶುರುವಾದದ್ದು. ಈಗ ಕಾಣುವ ಗುಮ್ಮಟದ ಕಟ್ಟಡ 20ನೇ ಶತಮಾನದ್ದು. ಬೆಳಗಿನ ಪೂಜೆ ಮುಗಿದ ಮೇಲೆ ಒಳಗೆ ಹೋಗಿ. ಗುಮ್ಮಟದ ಮೇಲಿನ ಶಿಲುಬೆಗೆ ದೀಪ ಹಾಕುತ್ತಿದ್ದದ್ದು ಸಮುದ್ರದಲ್ಲಿದ್ದವರಿಗೆ ಗುರುತಾಗಲಿ ಎಂದು.

9 ಗಂಟೆ ಹೊತ್ತಿಗೆ ಬಂದರಿನ ಜೀನತ್ ಬಕ್ಷ್ ಮಸೀದಿ. ಬ್ಯಾರಿಗಳ, ಅಂದರೆ ಇಲ್ಲಿಯ ಕರಾವಳಿ ಮುಸ್ಲಿಮರ ಬಾಯಲ್ಲಿ ಬೆಳಿಯೆ ಪಳ್ಳಿ. ಅರಬ್ ವ್ಯಾಪಾರಿಗಳ ಮೊದಲ ಕಾಲಕ್ಕೆ, ಇಸ್ಲಾಂ ಪ್ರಚಾರಕ ಮಾಲಿಕ್ ದೀನಾರ್ ಪರಂಪರೆಗೆ ಇದನ್ನು ಸೇರಿಸುವುದು ಊರಿನ ನಂಬಿಕೆ. ಒಳಗಿನ ಮರದ ಕೆತ್ತನೆ ನೋಡಲು ಮಕ್ಕಳಿಗೆ ಹೇಳಿ. ಕಂಬ, ತೊಲೆ, ಹೂಬಳ್ಳಿ ನೋಡಿದರೆ ಕರಾವಳಿಯ ಗುಡಿ ಕಟ್ಟಿದ ಬಡಗಿಯ ಕೈಯೇ ನೆನಪಾಗುತ್ತದೆ. ಮನುಷ್ಯ, ಪ್ರಾಣಿಗಳ ಆಕೃತಿ ಮಾತ್ರ ಇರುವುದಿಲ್ಲ.

10.30ಕ್ಕೆ ರಥಬೀದಿಯ ವೆಂಕಟರಮಣ ದೇವಸ್ಥಾನ. ಮಧ್ಯಾಹ್ನದ ಪೂಜೆ ಮುಗಿದರೆ ಬಾಗಿಲು ಹಾಕುತ್ತಾರೆ, ಸಂಜೆಯವರೆಗೆ ತೆರೆಯುವುದಿಲ್ಲ. ಹೊರಗಿನಿಂದ ಬರುವವರು ಹೆಚ್ಚಾಗಿ ಎಡವುವುದು ಇಲ್ಲೇ: ಬೆಳಗ್ಗೆ ಹೋಟೆಲಿನಲ್ಲಿ ಒಂಬತ್ತೂವರೆವರೆಗೆ ತಿಂಡಿ, 12.30ಕ್ಕೆ ದೇವಸ್ಥಾನದ ಮುಚ್ಚಿದ ಬಾಗಿಲು. ಆಮೇಲೆ ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್, ಅಲ್ಲಿಂದ ಏರು ಹತ್ತಿದರೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಅಂದರೆ ಕಾಲೇಜಿನೊಳಗಿನ ಪ್ರಾರ್ಥನಾ ಮಂದಿರ. ಚಾಪೆಲ್ಲಿಗೆ ಮುಕ್ಕಾಲು ಗಂಟೆ ಇಡಿ, ಕಡಿಮೆ ಸಾಲದು.

ಚಿಕ್ಕಜಾಜೂರು ಜಂಕ್ಷನ್

ಬೆಳಗ್ಗೆ 6.30ಕ್ಕೆ ದಕ್ಕೆ ಅಂದ್ರೆ ಆ ನಡಿಗೆ ಎರಡನೇ ದಿನಕ್ಕೇ ಇಡಬೇಕಾಗುತ್ತೆ. ಮೊದಲ ದಿನ ದಾರಿಗೇ ಹೋಗುತ್ತೆ ಕಣ್ರೀ.

ದೊಡ್ಡ ಬಸ್ಸನ್ನ ಆಗುಂಬೆ ಘಾಟಿಗೆ ಬಿಡಲ್ಲ. ಟ್ರಾವೆಲ್ಸ್‌ನವರು "ನೋಡ್ಕಂತೀವಿ" ಅಂದ್ರೂ ನಂಬಬೇಡ್ರಿ, ತಿರುವುಗಳು ಅಷ್ಟು ಕಿರಿದು. ನಿಮ್ಮ ದಾರಿ: ದಾವಣಗೆರೆ, ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕೆರೆಕಟ್ಟೆ, ಕಾರ್ಕಳ, ಮೂಡುಬಿದಿರೆ. ಶಿವಮೊಗ್ಗದಿಂದ ಮುಂದಿಂದು ಹಳೆ ರಾಷ್ಟ್ರೀಯ ಹೆದ್ದಾರಿ 13ರ ದಾರಿ. ಸೊಲ್ಲಾಪುರದಿಂದ ನಮ್ಮ ಚಿತ್ರದುರ್ಗ, ಹೊಳಲ್ಕೆರೆ, ಚನ್ನಗಿರಿ ಹಾದು ಮಂಗಳೂರು ಮುಟ್ಟುತ್ತಿದ್ದ ರಸ್ತೆ ಅದು. ಬೆಳಗ್ಗೆ 4ಕ್ಕೆ ಬಿಟ್ಟರೆ ತಿಂಡಿ ನಿಲುಗಡೆ ಸೇರಿ 11ರ ಸುಮಾರಿಗೆ ಮೂಡುಬಿದಿರೆ. ಸಾವಿರ ಕಂಬದ ಬಸದಿ ಅಲ್ಲೇ ಮುಗಿಸಿಕೊಳ್ಳಿ. 1430ರದ್ದು. ಮಂಗಳೂರು ಅಲ್ಲಿಂದ 35 ಕಿ.ಮೀ.

ವಾಪಸ್ ಬರುವಾಗ ಮಂಗಳೂರನ್ನ ಮಧ್ಯಾಹ್ನ 2ರೊಳಗೆ ಬಿಡಬೇಕು. ಕಾರ್ಕಳದಿಂದ ಶೃಂಗೇರಿವರೆಗಿನ ಕಾಡು ರಸ್ತೇಲಿ ಬೆಳಕಿರೋವಾಗಲೇ ಹತ್ತಿಬಿಡಬೇಕು. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟಿದರೆ ಕತ್ತಲು, ಮಂಜು, ಫೋನಿಗೆ ಸಿಗ್ನಲ್ ಸಿಗೋದೂ ಕಷ್ಟ.

ರೈಲು ಕೇಳೋರಿಗೆ: ವಿಜಯಪುರ–ಮಂಗಳೂರು ಗಾಡಿ ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಹಾಸನ, ಸಕಲೇಶಪುರದ ಮೇಲೆ ಹೋಗುತ್ತೆ. ರಾತ್ರಿ ಗಾಡಿ. ಟಿಕೆಟ್ ಮಾಡಿಸೋ ಮುಂಚೆ ಕೊನೆ ನಿಲ್ದಾಣ ನೋಡ್ಕಳ್ಳಿ. ಮಂಗಳೂರು ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಸೆಂಟ್ರಲ್‌ನಿಂದ ಹಂಪನಕಟ್ಟೆಗೆ ನಡೆದೇ ಹೋಗಬಹುದು. ಜಂಕ್ಷನ್ ಕಂಕನಾಡಿ ಕಡೆ ಐದಾರು ಕಿ.ಮೀ. ದೂರ, 29 ಜನಕ್ಕೆ ಆಟೋ ಹಿಡಿಯೋದರಲ್ಲೇ ಬೆಳಗು ಹೋಗುತ್ತೆ. ಮಳೆಗಾಲದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಗುಡ್ಡ ಕುಸಿದರೆ ಗಾಡಿ ರದ್ದು.

ಹಳೇಪೇಟೆ ದಾವಣಗೆರೆ

ಅಂದ್ರ ಮೊದಲ ದಿನ ಮಧ್ಯಾಹ್ನ ಮೇಲೆ ಏನು ಉಳೀತದ ಅಷ್ಟರಾಗ ಕದ್ರಿ, ಬಲ್ಮಠ ಹೊಂದಿಸಬಹುದಾ?

ದುರ್ಗದ ಕೋಟೆ

ಕದ್ರಿಗೆ ಸಂಜೆ 4ರ ಮೇಲೆ ಹೋಗಿ, ಅದಕ್ಕೂ ಮುಂಚೆ ಬಲ್ಮಠ, ಬಾಸೆಲ್ ಮಿಷನ್‌ನವರಿದ್ದ ಜಾಗ. ಎರಡೂ ಹತ್ತಿರ.

ಕದ್ರಿಯಲ್ಲಿ ಮಂಜುನಾಥನ ದರ್ಶನ ಮಾಡಿ ಹೊರಗೆ ಬಂದುಬಿಡೋರೇ ಹೆಚ್ಚು. ಅಲ್ಲಿರೋ ಲೋಕೇಶ್ವರನ ಕಂಚಿನ ಮೂರ್ತಿ ನೋಡಿ: ಕುಳಿತ ಭಂಗಿ, ಮೂರು ಮುಖ, ಆರು ಕೈ. ಪೀಠದಲ್ಲಿ ಸಂಸ್ಕೃತ ಶಾಸನ ಐತೆ. ಕರಾವಳಿ ಆಳಿದ ಆಳುಪ ವಂಶದ ದೊರೆ ಕುಂದವರ್ಮ ಕದಿರಿಕಾ ವಿಹಾರದಲ್ಲಿ ಲೋಕೇಶ್ವರನ್ನ ಪ್ರತಿಷ್ಠೆ ಮಾಡಿಸಿದ ಅಂತ, ಕಾಲ ಕ್ರಿ.ಶ. 968. ವಿಹಾರ ಅನ್ನೋ ಮಾತು ಇರೋದರಿಂದ ಬೌದ್ಧ ಅಂತ ಒಂದು ವಾದ, ನಾಥಪಂಥದ (ಶೈವ ಯೋಗಿಗಳ ಪಂಥ) ಗುರು ಮತ್ಸ್ಯೇಂದ್ರನಾಥನಿಗೆ ಜೋಡಿಸೋ ವಾದ ಇನ್ನೊಂದು. ಇತಿಹಾಸದ ಮಕ್ಕಳಿಗೆ ಎರಡನ್ನೂ ಹೇಳಿ, ತೀರ್ಪು ಕೊಡಬೇಡಿ. ದೇವಸ್ಥಾನದ ಹಿಂದೆ ಗೋಮುಖದ ನೀರು, ಏಳು ಕೆರೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಜೋಗಿ ಮಠ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕದಿಂದ ನಾಥ ಸಾಧುಗಳ ಝುಂಡಿ, ಅಂದ್ರೆ ಗುಂಪು, ಕಾಲ್ನಡಿಗೇಲಿ ಇಲ್ಲಿಗೆ ಬಂದು ಮಠಕ್ಕೆ ಹೊಸ ಅರಸನ್ನ ಕೂರಿಸುತ್ತೆ. ಸಮುದ್ರದ ಸಂಪರ್ಕ ಎಷ್ಟು ದೊಡ್ಡದೋ ಘಟ್ಟದ ಮೇಲಿನ ಸಂಪರ್ಕವೂ ಅಷ್ಟೇ ದೊಡ್ಡದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೋಗೋ ಮುಂಚೆ ಮಕ್ಕಳನ್ನ ಒಂದು ದಿನ ಚಿತ್ರದುರ್ಗದ ಹತ್ತಿರದ ನಮ್ಮ ಚಂದ್ರವಳ್ಳಿಗೆ ಕರಕೊಂಡು ಬನ್ನಿ. ಅಲ್ಲಿ ಉತ್ಖನನದಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದಾವೆ, 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದ್ದೂ ಅದೇ ಜಾಗ. ದುರ್ಗಕ್ಕೆ ಸಮುದ್ರ ಎಲ್ಲಿಂದ ಬಂತು ಅಂತ ಅಲ್ಲೇ ಕೇಳಿದರೆ ಮಂಗಳೂರು ಬೇರೆ ಲೋಕ ಅನ್ನಿಸಲ್ಲ.

ಹೊಳಲ್ಕೆರೆ ಟೀಚರ್

ಮಕ್ಕಳ ಗುಂಪು ಅಂದಮೇಲೆ ಅನುಮತಿಯ ವಿಷಯ ಮೊದಲೇ ಮುಗಿಸಿಕೊಳ್ಳಿ ಸರ್. ಮಸೀದಿ ಕಮಿಟಿಗೆ ಮತ್ತು ಚಾಪೆಲ್ ಇರುವ ಕಾಲೇಜಿಗೆ ನಿಮ್ಮ ಪ್ರಾಂಶುಪಾಲರ ಲೆಟರ್‌ಹೆಡ್‌ನಲ್ಲಿ ಹದಿನೈದು ದಿನ ಮುಂಚೆ ಪತ್ರ ಹೋಗಲಿ: ಎಷ್ಟು ಜನ, ಹುಡುಗಿಯರೆಷ್ಟು, ದಿನಾಂಕ, ಗಂಟೆ. ಹೆಣ್ಣುಮಕ್ಕಳು ಮಸೀದಿಯ ಎಲ್ಲಿಯವರೆಗೆ ಹೋಗಬಹುದು ಅಂತ ಅದರಲ್ಲೇ ಕೇಳಿ. ಬಾಗಿಲಲ್ಲಿ ನಿಂತು ಕೇಳಿದರೆ ಅವರಿಗೂ ಇರಿಸುಮುರಿಸು, ಮಕ್ಕಳಿಗೂ ಅವಮಾನ ಅನ್ನಿಸುತ್ತೆ.

ದಿನ ಆರಿಸುವಾಗ ಶುಕ್ರವಾರ, ಭಾನುವಾರ ಎರಡೂ ಬೇಡ. ಶುಕ್ರವಾರ ಮಸೀದಿ ಸಾಧ್ಯವಿಲ್ಲ, ಭಾನುವಾರ ಚರ್ಚುಗಳಲ್ಲಿ ಒಂದರ ಹಿಂದೆ ಒಂದು ಪೂಜೆ. ಡಿಸೆಂಬರ್ 23ರಿಂದ 26 ಕೂಡ ಬಿಡಿ. ಬುಧ-ಗುರುವಾರ ಸರಿಯಾಗುತ್ತೆ.

ಪ್ರತಿಯೊಬ್ಬರ ಚೀಲದಲ್ಲಿ ಒಂದು ತೆಳು ಶಾಲು ಅಥವಾ ದುಪಟ್ಟ. ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ-ಬನಿಯನ್ ತೆಗೆಯಬೇಕು, ಹುಡುಗರಿಗೆ ಮುಂಚೆಯೇ ಹೇಳಿ, ಇಲ್ಲದಿದ್ದರೆ ಬಾಗಿಲಲ್ಲಿ ನಗು-ಗದ್ದಲ. ಮೊಣಕಾಲು ಮುಚ್ಚುವ ಬಟ್ಟೆ ಎಲ್ಲರಿಗೂ. ಫೋಟೊ ಎಲ್ಲಿಯೂ ಕೇಳದೆ ಬೇಡ. 29 ಜನ ಒಟ್ಟಿಗೆ ಬಂದರ್ ಓಣಿಯಲ್ಲಿ ನಡೆದರೆ ರಸ್ತೆಯೇ ಕಟ್ಟುತ್ತೆ. ಎರಡು ತಂಡ ಮಾಡಿ ಇಪ್ಪತ್ತು ನಿಮಿಷದ ಅಂತರದಲ್ಲಿ ಬಿಡಿ. ಒಬ್ಬರಿಗೆ ಎರಡು ಲೀಟರ್ ನೀರು. ಡಿಸೆಂಬರ್‌ನಲ್ಲೂ ಅಲ್ಲಿ ಬೆವರು ಆರಲ್ಲ, ನಮ್ಮ ಕಡೆಯ ಒಣ ಚಳಿ ಎಣಿಸಿ ಸ್ವೆಟರ್ ಹಾಕಿಸಬೇಡಿ.

ಹೆಂಚಿನ ಮನೆ

ಚಾಪೆಲ್ ಬಗ್ಗೆ ಸ್ವಲ್ಪ ತಾಂತ್ರಿಕ ಮಾತು, ಯಾಕಂದ್ರೆ "ಚಂದ ಅದೆ" ಅಂತ ನೋಡಿ ಬಂದುಬಿಡ್ತಾರೆ. ಚಿತ್ರ ಬರೆದದ್ದು ಇಟಲಿಯ ಜೆಸ್ವಿಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘ) ಸಹೋದರ ಅಂತೋನಿಯೊ ಮೊಸ್ಕೆನಿ, 1899ರ ನಂತರದ ಎರಡು-ಮೂರು ವರ್ಷದಲ್ಲಿ. ಅಲ್ಲಿ ಎರಡು ಕ್ರಮ ಐತಿ. ಗೋಡೆ ಮೇಲಿನವು ಫ್ರೆಸ್ಕೊ, ಅಂದ್ರೆ ಹಸಿ ಸುಣ್ಣದ ಗಾರೆ ಮೇಲೆ ನೀರಲ್ಲಿ ಕಲಸಿದ ಬಣ್ಣ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗ್ತಾ ಬಣ್ಣವನ್ನ ತನ್ನೊಳಗೆ ಹಿಡ್ಕಂತದೆ, ಅಂಟು ಬೇಕಾಗಲ್ಲ. ಒಂದು ದಿನ ಎಷ್ಟು ಬರೆಯೋಕಾಗುತ್ತೋ ಅಷ್ಟಕ್ಕೇ ಗಾರೆ ಬಳೀಬೇಕು; ಒಣಗಿದ ಮೇಲೆ ಬರೆದರೆ ಬಣ್ಣ ಮೇಲೆ ಕೂತು ಪುಡಿ ಉದುರುತ್ತೆ. ಛಾವಣಿಯವು ಕ್ಯಾನ್ವಾಸ್ ಮೇಲಿನ ತೈಲಚಿತ್ರ. ಕರಾವಳಿಯ ತೇವಕ್ಕೆ ಎರಡೂ ಬೇರೆ ಬೇರೆ ರೀತಿ ಕೆಡ್ತವೆ: ಗೋಡೆ ಒಳಗಿನ ನೀರು ಉಪ್ಪನ್ನ ಹೊರಗೆ ತಂದು ಫ್ರೆಸ್ಕೊ ಮುಖ ಒಡೆಸುತ್ತೆ, ಕ್ಯಾನ್ವಾಸಿಗೆ ಬೂಷ್ಟು. 1990ರ ದಶಕದಲ್ಲಿ ಪರಂಪರೆ ಉಳಿಸೋ ಸಂಸ್ಥೆ ಇನ್‌ಟ್ಯಾಕ್‌ನವರು ಇವನ್ನ ದುರಸ್ತಿ ಮಾಡಿದ್ರು. ಮಕ್ಕಳು ಮೊದಲು ಗೋಡೆ, ಆಮೇಲೆ ಛಾವಣಿ ನೋಡಿ ಮೆರುಗಿನ ವ್ಯತ್ಯಾಸ ಗುರುತಿಸಲಿ.

ಇನ್ನು ಹೆಂಚು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಘ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ್ರು; 1865ರಲ್ಲಿ ಪ್ಲೆಬ್ಸ್ಟ್ ಅನ್ನೋ ಜರ್ಮನ್ ಮಿಷನರಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದ. ಮಣ್ಣು ನದಿ ದಂಡೆಯದೇ, ಸಾಗಿಸಲು ದೋಣಿ ಬಾಗಿಲಿಗೇ ಬರ್ತಿತ್ತು. ಹೆಂಚು ಒಂದಕ್ಕೆ ಎರಡೂವರೆ ಕೆ.ಜಿ. ಹತ್ತಿರ, ಒಂದರ ತೋಡಿನಲ್ಲಿ ಇನ್ನೊಂದು ಕೂರುತ್ತೆ. ಅಲ್ಲಿ ಛಾವಣಿಗಳು ಕಡಿದಾಗಿರೋದನ್ನ ತೋರಿಸ್ರಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಸುರಿಯೋ ಕಡೆ ಇಳಿಜಾರು ಕಡಿಮೆ ಆದ್ರೆ ಗಾಳಿ ನೀರನ್ನ ಮೇಲಿನ ಹೆಂಚಿನ ಕೆಳಕ್ಕೆ ನೂಕುತ್ತೆ, ರೀಪು ಕೊಳೆಯುತ್ತೆ. ನಮ್ಮ ದಾವಣಗೆರೆ ಹಳೆ ಮನೆಗಳಲ್ಲಿ ಅದೇ ಹೆಂಚನ್ನ ಚಪ್ಪಟೆ ಇಳಿಜಾರಿಗೆ ಹಾಕಿದ್ರೂ ನಡೀತಿತ್ತು, ಮಳೆ ಅದರ ಐದನೇ ಒಂದು ಪಾಲೂ ಇಲ್ಲ. ಹಳೇಪೇಟೆ ಮನೆ ಬಿಚ್ಚುವಾಗ ಹೆಂಚು ಮಗುಚಿ ನೋಡ್ರಿ, ಕಾರ್ಖಾನೆ ಹೆಸರು ಉಬ್ಬಚ್ಚಲ್ಲಿ ಇರುತ್ತೆ.

ದುರ್ಗದ ಕೋಟೆ

ಬಲ್ಮಠದಲ್ಲಿ ಮಿಷನ್‌ನ ಮುದ್ರಣದ ಕಥೇನೂ ಸೇರಿಸಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಹೊರಟಿತು, ಸಂಪಾದಕ ಹರ್ಮನ್ ಮೋಗ್ಲಿಂಗ್. ಜುಲೈ 1 ಪತ್ರಿಕಾ ದಿನ ಆಗಿದ್ದು ಅದಕ್ಕೇ. ಕಲ್ಲಚ್ಚಿನಲ್ಲಿ ಮುದ್ರಣ: ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿ, ಖಾಲಿ ಜಾಗಕ್ಕೆ ನೀರು, ನೀರಿದ್ದ ಕಡೆ ಶಾಯಿ ಹಿಡಿಯಲ್ಲ. ಮುಂದಿನ ವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯ್ತು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾಗಿದ್ದು ಇದೇ ಮಿಷನ್ ಪ್ರೆಸ್ಸಿನಲ್ಲಿ.

ಅಡಿಕೆ ಮಂಡಿ ಚನ್ನಗಿರಿ

ಎಲ್ಲಾ ಓದಿದೆ. ಒಟ್ಟಿನಲ್ಲಿ ಎಲ್ಲ ಧರ್ಮದೋರು ಅಣ್ಣ-ತಮ್ಮರಂಗೆ ಇದ್ದ ಊರು ಅಂತ ಮಕ್ಕಳಿಗೆ ಹೇಳಿದ್ರೆ ಸಾಕಲ್ವಾ? ಇಷ್ಟೆಲ್ಲಾ ಇಸವಿ ಯಾಕೆ.

ರಥಬೀದಿ

ಸಾಲದು ಮಾರಾಯ್ರೆ. ಹಾಗೆ ಹೇಳಿದರೆ ಅರ್ಧ ಸುಳ್ಳು, ಇತಿಹಾಸದ ತರಗತಿಗೆ ಅದು ಬೇಡ. ಬಂದರಿಗೆ ಎಲ್ಲರೂ ಬಂದದ್ದು ಮೆಣಸು, ಶುಂಠಿ, ಅಕ್ಕಿಗಾಗಿ. ಅರಸರು ಜಾಗ ಕೊಟ್ಟದ್ದು ಸುಂಕಕ್ಕಾಗಿ. 12ನೇ ಶತಮಾನದಲ್ಲಿ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇಲ್ಲಿ ವರ್ಷಗಟ್ಟಲೆ ಇದ್ದ, ಏಡನ್‌ನಿಂದ ತಾಮ್ರ ತರಿಸಿ ಕಂಚಿನ ಪಾತ್ರೆ ಮಾಡಿಸಿ ವಾಪಸ್ ಕಳಿಸುತ್ತಿದ್ದ. ಅವನ ಪತ್ರಗಳು ಸಿಕ್ಕಿದ್ದು ಕೈರೋದಲ್ಲಿ. ಮಂಗಳೂರಲ್ಲಿ ತೋರಿಸಲು ಒಂದು ಕಲ್ಲೂ ಇಲ್ಲ. 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಫಾರಸಿ ಮತ್ತು ಯೆಮನ್ ವ್ಯಾಪಾರಿಗಳು ಇಳಿಯುತ್ತಿದ್ದರು, ಸುಮಾರು 4,000 ಮುಸ್ಲಿಮರಿದ್ದರು ಎನ್ನುತ್ತಾನೆ.

ಗೋವೆಯಲ್ಲಿ ಪೋರ್ಚುಗೀಸರ ಕಾಟಕ್ಕೆ ಬಂದ ಗೌಡ ಸಾರಸ್ವತರು, ಅದೇ ಗೋವೆಯಿಂದ ಬೇರೆ ಬೇರೆ ಕಾರಣಕ್ಕೆ ಬಂದ ಕ್ರೈಸ್ತರು ಇಬ್ಬರ ಮನೆಮಾತೂ ಕೊಂಕಣಿ. ವೆಂಕಟರಮಣ ದೇವಸ್ಥಾನದಿಂದ ಮಿಲಾಗ್ರಿಸ್‌ಗೆ ನಡೆಯುವಾಗ ಇದನ್ನು ಹೇಳಿ. ಮಿಲಾಗ್ರಿಸ್‌ಗೆ 1680ರಲ್ಲಿ ಜಾಗ ಕೊಟ್ಟದ್ದು ಕೆಳದಿಯ ಚೆನ್ನಮ್ಮ.

1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಹಿಡಿದಾಗ ಮಂಗಳೂರೂ ಅವನ ಕೈಗೆ ಬಂತು. 1784 ಒಂದೇ ವರ್ಷ ನೋಡಿ: ಮಾರ್ಚ್ 11ಕ್ಕೆ ಟಿಪ್ಪು ಮತ್ತು ಇಂಗ್ಲಿಷರ ನಡುವೆ ಮಂಗಳೂರು ಒಪ್ಪಂದ; ಗುರುಪುರ ನದಿಗೆ ಯುದ್ಧದ ಹಡಗು ನುಗ್ಗದಂತೆ ಸುಲ್ತಾನ್ ಬತ್ತೇರಿ ಎಂಬ ಕಾವಲು ಗೋಪುರ ಕಟ್ಟಿದ್ದು; ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, ಮಿಲಾಗ್ರಿಸ್ ಕೆಡವಿದ್ದು. ಉಳಿದವರು ಮರಳಿದ್ದು 1799ರ ಮೇಲೆ. ಜೀನತ್ ಬಕ್ಷ್ ಮಸೀದಿಯ ನವೀಕರಣವನ್ನೂ ಟಿಪ್ಪುವಿಗೇ ಹೇಳುತ್ತಾರೆ.

ಜಾತಿಯ ಗೋಡೆಯೂ ಇತ್ತು. ದೇವಸ್ಥಾನಗಳಿಗೆ ಪ್ರವೇಶ ಇಲ್ಲದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಅಲ್ಲೇ 2013ರಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ಮೊದಲ ದಿನ ಸಂಜೆ ಕದ್ರಿ ಆದಮೇಲೆ ದೀಪದ ಹೊತ್ತಿಗೆ ಕುದ್ರೋಳಿ ಇಟ್ಟುಕೊಳ್ಳಿ.

ಅಡಿಕೆ ಮಂಡಿ ಚನ್ನಗಿರಿ

ಟಿಪ್ಪು ಹೆಸರು ಬಂತು, ಇನ್ನ ನೋಡಿ ಶುರು.

ನಿರ್ವಾಹಕ

ಶುರು ಆಗಲ್ಲ. ಪ್ರವಾಸಕ್ಕೆ ಸಂಬಂಧಿಸಿದ್ದು ಮಾತ್ರ ಬರೀರಿ, ಉಳಿದದ್ದು ಅಳಿಸ್ತೀವಿ.

ಹೊಳಲ್ಕೆರೆ ಟೀಚರ್

ಒಟ್ಟಿಗೆ ಬದುಕಿದ ರೀತಿ ತೋರಿಸಬೇಕಾದರೆ ಮೂಲ್ಕಿಯ ಬಪ್ಪನಾಡು ಒಳ್ಳೆ ಉದಾಹರಣೆ. ಮಂಗಳೂರಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ದುರ್ಗಾಪರಮೇಶ್ವರಿ ಗುಡಿಯನ್ನು ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಅನ್ನುವುದು ಸ್ಥಳಪುರಾಣ, ಜಾತ್ರೆಯಲ್ಲಿ ಆ ಮನೆತನಕ್ಕೆ ಈಗಲೂ ಮೊದಲ ಪ್ರಸಾದದ ಗೌರವ ಇದೆ. ಮೀನುಗಾರ ಮೊಗವೀರರು ನಂಬುವ ಬಬ್ಬರ್ಯ ದೈವದ ಪಾಡ್ದನದಲ್ಲೂ (ತುಳು ಜನಪದ ಹಾಡುಗಥೆ) ತಂದೆ ಮುಸ್ಲಿಂ ವ್ಯಾಪಾರಿ. ಆದರೆ ನಿಮ್ಮ ವಾಪಸ್ ದಾರಿ ಮೂಡುಬಿದಿರೆ ಕಡೆ, ಮೂಲ್ಕಿ ಉಡುಪಿ ಕಡೆ. ಎರಡು ದಿನದಲ್ಲಿ ಹೊಂದಲ್ಲ. ಕಥೆ ಹೇಳಿ, ಊರು ಬಿಡಿ.

ಮಂಡಕ್ಕಿ ಮೆಣಸಿನಕಾಯಿ

ಊಟದ ಮಾತೇ ಯಾರೂ ಎತ್ತಲಿಲ್ಲ, 26 ಮಕ್ಕಳು ಅದಾರೆ. ದಕ್ಕೆಗೆ ಹೋಗೋ ಮುಂಚೆ ಚಹಾ-ಬಿಸ್ಕತ್ತು ಸಾಕು, ಹೊಟ್ಟೆ ತುಂಬ ತಿಂದು ಮೀನಿನ ವಾಸನೆಗೆ ನಿಂತರೆ ಅಭ್ಯಾಸ ಇಲ್ಲದೋರಿಗೆ ವಾಂತಿ. ರೊಸಾರಿಯೊ ಆದಮೇಲೆ ಬನ್ಸ್, ಗೋಳಿಬಜೆ, ನೀರುದೋಸೆ. ಬನ್ಸ್ ಅಂದ್ರೆ ಬೇಕರಿ ಬನ್ನಲ್ಲ, ಬಾಳೆಹಣ್ಣು ಕಲಸಿದ ಮೈದಾ ಪೂರಿ, ಸಿಹಿ ಇರ್ತದೆ. ಬೆಣ್ಣೆದೋಸೆ ಲೆಕ್ಕದಾಗೆ ನೀರುದೋಸೆ ತೂಗಬೇಡ್ರಿ, ಒಬ್ಬರಿಗೆ ನಾಲ್ಕಾದರೂ ಬೇಕು. ಮಾಂಸ ತಿನ್ನೋರಿಗೆ ಕೋರಿ ರೊಟ್ಟಿ: ಗರಿಗರಿ ಅಕ್ಕಿ ರೊಟ್ಟಿ ಮುರಿದು ಹಾಕಿ, ಮೇಲೆ ಕೋಳಿ ಸಾರು, ಎರಡು ನಿಮಿಷ ನೆನೆಯೋಕೆ ಬಿಡಬೇಕು. ಡಿಸೆಂಬರ್ ಆಗಿರೋದರಿಂದ ಬೇಕರೀಲಿ ಕುಸ್ವಾರ್ ಸಿಗ್ತದೆ, ಕ್ರಿಸ್ಮಸ್ ತಿಂಡಿ ಪೊಟ್ಟಣ. ನೆವ್ರಿ, ಕಿಡಿಯೊ ಎಲ್ಲಾ ಇರ್ತವೆ. ಜೂನ್-ಜುಲೈನಲ್ಲಿ ಹೋಗೋರಿಗೆ ಒಂದು ಮಾತು, ಆ ಎರಡು ತಿಂಗಳು ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ದಕ್ಕೆ ಖಾಲಿ.

ಹಳೇಪೇಟೆ ದಾವಣಗೆರೆ

ಹಿಂಗ್ ಹಾಕ್ಕೊಂಡೀನಿ, ನೋಡ್ರಿ. ಬುಧವಾರ ಬೆಳಗ್ಗೆ 4ಕ್ಕೆ ಬಿಡೋದು, 11ಕ್ಕೆ ಮೂಡುಬಿದಿರೆ ಬಸದಿ, 1.30ಕ್ಕೆ ಮಂಗಳೂರಲ್ಲಿ ಊಟ, 3ಕ್ಕೆ ಬಲ್ಮಠ, 4ರ ಮೇಲೆ ಕದ್ರಿ ಮತ್ತು ಜೋಗಿ ಮಠ, 7ಕ್ಕೆ ಕುದ್ರೋಳಿ. ಗುರುವಾರ 6.30ರಿಂದ ನಡಿಗೆ, 1 ಗಂಟೆಗೆ ಚಾಪೆಲ್ ಮುಗಿದು ಊಟ, 2ಕ್ಕೆ ವಾಪಸ್. ಸುಲ್ತಾನ್ ಬತ್ತೇರಿ ಎಲ್ಲೂ ಕೂರ್ತಿಲ್ಲ. ಬಿಡಲಾ?

ರಥಬೀದಿ

ಬುಧವಾರ ಕದ್ರಿ 5.30ಕ್ಕೆ ಮುಗಿಸಿದರೆ ಬೋಳೂರಿನ ಬತ್ತೇರಿಗೆ ಬೆಳಕಿರುವಾಗ ಹೋಗಬಹುದು, ಕುದ್ರೋಳಿ ಅಲ್ಲಿಂದ ಹತ್ತಿರ. ಕಪ್ಪು ಕಲ್ಲಿನ ಸಣ್ಣ ಕಾವಲು ಗೋಪುರ, 15 ನಿಮಿಷ ಸಾಕು. ಚಿತ್ರದುರ್ಗದ ಕೋಟೆ ನೋಡಿದ ಮಕ್ಕಳು ಇಷ್ಟೇನಾ ಎಂದಾರು. ಗೋಡೆಯ ಕಿಂಡಿಗಳಿಂದ ನದಿಯ ಬಾಯಿ ನೋಡಲು ಹೇಳಿ, ಕಟ್ಟಿದ್ದು ಅದಕ್ಕೆ. ಅಲ್ಲಿಂದ ತಣ್ಣೀರುಬಾವಿಗೆ ದೋಣಿ ಉಂಟು, ಆದರೆ 29 ಜನ ಹೋಗಿ ಬರುವಷ್ಟರಲ್ಲಿ ಕುದ್ರೋಳಿ ತಪ್ಪುತ್ತದೆ. ಬೀಚ್ ಬೇಕೇ ಬೇಕು ಎಂದು ಹಟ ಮಾಡಿದರೆ ಜೋಗಿ ಮಠ ಬಿಡಬೇಕಾಗುತ್ತದೆ, ನಾನಾದರೆ ಬಿಡುವುದಿಲ್ಲ.

ಚಿಕ್ಕಜಾಜೂರು ಜಂಕ್ಷನ್

ಬಸ್ಸಿನವರಿಗೆ ಕೆರೆಕಟ್ಟೆ ದಾರಿ ಅಂತ ಬಾಡಿಗೆ ಚೀಟೀಲೇ ಬರೆಸಿ. ಆಗುಂಬೆ ಲೆಕ್ಕದಲ್ಲಿ ಕಿಲೋಮೀಟರ್ ಹಿಡಿದು ಆಮೇಲೆ ಜಾಸ್ತಿ ಕೇಳ್ತಾರೆ.